ಕಣ್ಣು ಜಾರಿ ಕಳೆದುಹೋದ ಪದ

ಒಂದೇ ಕೆಲಸದ ಮೇಲೆ ಬಹಳ ಹೊತ್ತು ನಿಲ್ಲುವ ಗಮನಕ್ಕೆ ಮನೋವಿಜ್ಞಾನದಲ್ಲಿ ನಿರಂತರ ಅವಧಾನ ಎಂದು ಹೆಸರು. ಅದು ಒಂದು ಕ್ಷಣ ತಪ್ಪಿದರೂ ಏನಾಗಬಹುದು ಎಂಬುದಕ್ಕೆ ಮೂಡುಬಿದಿರೆಯ ತಾಡವೋಲೆಗಳು ಅಪರೂಪದ ಸಾಕ್ಷಿ.

ಅಲ್ಲಿನ ಸಿದ್ಧಾಂತ ಬಸದಿಯು ದಿಗಂಬರ ಜೈನರ ಆಗಮಗ್ರಂಥವಾದ ಷಟ್ಖಂಡಾಗಮವನ್ನೂ ವೀರಸೇನರು ಅದಕ್ಕೆ ಬರೆದ ಧವಲಾ ಟೀಕೆಯನ್ನೂ ಶತಮಾನಗಳಿಂದ ಕಾಪಾಡಿಕೊಂಡು ಬಂದಿದೆ. ಭಾಷೆ ಪ್ರಾಕೃತ, ಸಂಸ್ಕೃತ, ಲಿಪಿ ಹಳಗನ್ನಡ. ಧವಲಾದ ಗಾತ್ರವೇ ಸುಮಾರು 72,000 ಶ್ಲೋಕದಷ್ಟು. 19ನೆಯ ಶತಮಾನದ ಕೊನೆಯಲ್ಲಿ ಇದರ ಪ್ರತಿ ಮಾಡುವ ಕೆಲಸ ಆರಂಭವಾಯಿತು. ಪ್ರತಿಗಳಿಂದ ಮತ್ತೆ ಪ್ರತಿಗಳು ಹುಟ್ಟಿದವು. ಅವುಗಳ ಆಧಾರದಿಂದ ಹೀರಾಲಾಲ್ ಜೈನ್ ಸಂಪಾದಿಸಿದ ಮೊದಲ ಸಂಪುಟ 1939ರಲ್ಲಿ ಅಚ್ಚಾಯಿತು.

ಅದರ 93ನೆಯ ಸೂತ್ರದಲ್ಲಿ ‘ಸಂಜದ’, ಅಂದರೆ ಸಂಯತ, ಎಂಬ ಪದ ಇರಲಿಲ್ಲ. ಟೀಕೆಯ ಅರ್ಥ ನೋಡಿದರೆ ಅಲ್ಲೊಂದು ಪದ ಬಿಟ್ಟುಹೋಗಿರಬೇಕೆಂದು ಸಂಪಾದಕರು ಊಹಿಸಿದರು. ಮುಂದೆ ಮೂಡುಬಿದಿರೆಯ ಓಲೆಯೊಡನೆ ತಾಳೆ ನೋಡಿದಾಗ ಆ ಪದ ಅಲ್ಲಿತ್ತು! ಸೂತ್ರ ಸ್ತ್ರೀಯರ ಕುರಿತದ್ದು; ಹಾಗಾಗಿ ಅವರಿಗೆ ಪೂರ್ಣ ಸಂಯಮದ ಸ್ಥಾನ ಉಂಟೇ ಎಂಬ ಗಂಭೀರ ಚರ್ಚೆ ಈ ಒಂದೇ ಪದದ ಸುತ್ತ ನಡೆಯಿತು.

ತಪ್ಪು ನುಸುಳಲು ಹೇಳಿ ಮಾಡಿಸಿದಂಥ ಜಾಗ ಅದು. ಹಿಂದಿನ ಪದ ‘ಸಂಜದಾಸಂಜದ’. ಅದರ ಬೆನ್ನಿಗೇ ‘ಸಂಜದ’. ಓಲೆಯಲ್ಲಿ ಪದಗಳ ನಡುವೆ ತೆರಪು ಇರುವುದಿಲ್ಲ. ಲಿಪಿಕಾರ ನಾಲ್ಕಾರು ಅಕ್ಷರ ಓದಿ, ಮನಸ್ಸಿನಲ್ಲಿ ಹಿಡಿದು, ಬರೆದು, ಕಣ್ಣನ್ನು ಮತ್ತೆ ಮೂಲಕ್ಕೆ ಒಯ್ಯುತ್ತಾನೆ. ಒಂದೇ ರೂಪದ ಪದ ಎರಡು ಸಲ ಬಂದಲ್ಲಿ ಕಣ್ಣು ಎರಡನೆಯದಕ್ಕೆ ಹೋಗಿ ಇಳಿಯುತ್ತದೆ, ನಡುವಿನದು ಮಾಯ. ಬರೆದವನಿಗೆ ಏನೂ ತಪ್ಪಿದಂತೆ ಅನಿಸುವುದೇ ಇಲ್ಲ. ಈ ದೋಷದ ಅಪಾಯವೆಲ್ಲ ಇರುವುದು ಇಲ್ಲಿಯೇ.

ಶ್ರದ್ಧೆ ಎಷ್ಟೇ ಇರಲಿ, ಗಮನ ತಾನಾಗಿ ಸವೆಯುತ್ತದೆ. ಬ್ರಿಟನ್ನಿನ ನಾರ್ಮನ್ ಮ್ಯಾಕ್‌ವರ್ತ್ 1948ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗಡಿಯಾರದಂತೆ ಸುತ್ತುವ ಮುಳ್ಳು ಅಪರೂಪಕ್ಕೆ ಇಮ್ಮಡಿ ದೂರ ಜಿಗಿಯುವುದನ್ನು ಎರಡು ಗಂಟೆ ಕಾಲ ಗಮನಿಸಬೇಕಿತ್ತು. ರಾಡಾರ್ ಕಾವಲಿನವರ ಸಮಸ್ಯೆಯೇ ಇದಕ್ಕೆ ಪ್ರೇರಣೆ. ಮೊದಲ ಅರ್ಧ ಗಂಟೆಯ ಬಳಿಕ ಎಚ್ಚರ ಕುಸಿಯಿತು. ಅರ್ಧ ಗಂಟೆ ಕೆಲಸ, ಅರ್ಧ ಗಂಟೆ ಬಿಡುವು ಎಂದು ಬದಲಾಯಿಸಿದಾಗ ಮಾತ್ರ ಆರಂಭದ ಮಟ್ಟ ಉಳಿಯಿತು.

ಇಂದು ಸವೆತದ ಜೊತೆಗೆ ಅಡಚಣೆಯೂ ಸೇರಿದೆ. ಮುಗಿಯದ ಕೆಲಸ ಬಿಟ್ಟು ಇನ್ನೊಂದಕ್ಕೆ ಹೋದರೆ ಗಮನದ ಒಂದು ಪಾಲು ಹಿಂದೆಯೇ ಉಳಿಯುತ್ತದೆ ಎಂದು ಸೋಫಿ ಲೆರಾಯ್ 2009ರಲ್ಲಿ ತೋರಿಸಿದರು. 2015ರ ಇನ್ನೊಂದು ಅಧ್ಯಯನದಲ್ಲಿ, ಮೊಬೈಲನ್ನು ಮುಟ್ಟದಿದ್ದರೂ ಅದರ ಸದ್ದೊಂದೇ ತಪ್ಪುಗಳನ್ನು ಹೆಚ್ಚಿಸಿತು. ಬಿಡುವು ದಣಿದ ಗಮನವನ್ನು ಮರಳಿಸುತ್ತದೆ. ಅಡಚಣೆ ಇರುವ ಗಮನವನ್ನೂ ಒಡೆಯುತ್ತದೆ. ಹೊರಗಿನಿಂದ ಎರಡೂ ಒಂದೇ ಬಗೆಯ ನಿಲುಗಡೆಯಂತೆ ಕಾಣುತ್ತವೆ.