ಬಂಗಾರಪೇಟೆ ಮತ್ತು ಚಿನ್ನದ ಗಣಿ ಸೀಮೆಯ ಬೈಸಿಕಲ್ ಮಾರ್ಗಗಳು: ಸವಾರರಿಗೂ ರೈತರಿಗೂ ಕೆಲವು ಸೂಚನೆಗಳು

(ವ್ಯವಸಾಯ ಇನ್‌ಸ್ಪೆಕ್ಟರೊಬ್ಬರು, ಎಲ್. ಎಜಿ., ಬರೆದುದು)

ಈಚಿನ ವರ್ಷಗಳಲ್ಲಿ ರಜಾದಿನಗಳಂದು ಪಟ್ಟಣವಾಸಿಗಳು ಬೈಸಿಕಲ್ಲುಗಳನ್ನೇರಿ ಕೋಲಾರ ಜಿಲ್ಲೆಯ ಹಳ್ಳಿರಸ್ತೆಗಳಿಗೆ ಬರುವ ವಾಡಿಕೆಯು ಹೆಚ್ಚುತ್ತಲಿದೆ. ಇದು ಸಂತೋಷಕರವಾದ ವಿಷಯವೇ ಸರಿ. ಆದರೆ ಸವಾರರಿಗೆ ವಿನೋದದ ದಾರಿಯಾಗಿರುವ ಈ ರಸ್ತೆಗಳೇ ರೈತನಿಗೆ ಬೆಳಗ್ಗೆ ಹಾಲಿನ ಕ್ಯಾನನ್ನು ಡೈರಿಗೆ ಮುಟ್ಟಿಸುವ ದಾರಿಯೂ, ಟೊಮೆಟೊ ಮತ್ತು ರೇಷ್ಮೆಗೂಡನ್ನು ಮಾರುಕಟ್ಟೆಗೆ ಸಾಗಿಸುವ ದಾರಿಯೂ, ಸುಗ್ಗಿಯಲ್ಲಿ ರಾಗಿ ಹರವುವ ಕಣವೂ ಆಗಿರುತ್ತವೆ. ಒಂದೇ ರಸ್ತೆಯನ್ನು ಇಬ್ಬರು ಎರಡು ಕಾರ್ಯಗಳಿಗೆ ಉಪಯೋಗಿಸುವಾಗ ಪರಸ್ಪರ ತಿಳಿವಳಿಕೆಯಿಲ್ಲದಿದ್ದರೆ ಕೈಕಾಲು ಮುರಿಯುವುದೂ ಧಾನ್ಯ ಹಾಳಾಗುವುದೂ ಸಂಭವಿಸುತ್ತದೆ. ಆದಕಾರಣ ಈ ಸೀಮೆಯ ಮೂರು ಮಾರ್ಗಗಳನ್ನು ವಿವರಿಸಿ, ಅನಂತರ ಉಭಯರೂ ಗಮನಿಸತಕ್ಕ ವಿಷಯಗಳನ್ನು ತಿಳಿಸುವುದು ಈ ಲೇಖನದ ಉದ್ದೇಶವಾಗಿದೆ.

ಸೀಮೆಯ ಲಕ್ಷಣ

ಬಂಗಾರಪೇಟೆಯು ಬೆಂಗಳೂರಿಗೆ ಪೂರ್ವದಲ್ಲಿ ಸುಮಾರು ೭೦ ಕಿಲೋಮೀಟರು ದೂರದಲ್ಲಿರುವ ರೈಲ್ವೆ ಜಂಕ್ಷನ್ನು. ಮೈಸೂರು ಸಂಸ್ಥಾನದ ಕಮಿಷನರಾಗಿದ್ದ ಲೆವಿನ್ ಬೆಂಥಮ್ ಬೌರಿಂಗರ ಹೆಸರಿನಿಂದ ಇದಕ್ಕೆ ಹಿಂದೆ ಬೌರಿಂಗ್‌ಪೇಟೆ ಎಂದು ಹೆಸರಿದ್ದಿತು. ಈ ಪ್ರದೇಶವು ಸಮುದ್ರಮಟ್ಟದಿಂದ ಸುಮಾರು ೨,೮೦೦ ಅಡಿ ಎತ್ತರದಲ್ಲಿದೆ. ಕೆಂಪು ಭೂಮಿ, ಬೋಳು ಬಂಡೆಗಳ ಗುಡ್ಡಗಳು, ನಡುನಡುವೆ ಕೆರೆಗಳು ಇಲ್ಲಿಯ ಸಾಮಾನ್ಯ ನೋಟ. ವರ್ಷದ ಮಳೆ ೩೦ ಅಂಗುಲದ ಆಸುಪಾಸಿನಲ್ಲಿರುವುದು.

ಇಲ್ಲಿ ಮಲೆನಾಡಿನಂತಹ ದೊಡ್ಡ ಘಟ್ಟಗಳಿಲ್ಲ. ಏರು ತಗ್ಗುಗಳು ಒಂದರ ಮೇಲೊಂದು ಬರುತ್ತವೆ. ತಿಳಿದು ನೋಡಿದರೆ ಇವುಗಳಿಗೆ ಒಂದು ಕ್ರಮವುಂಟು. ದಿಣ್ಣೆಯ ಮೇಲೆ ಕಲ್ಲುಭೂಮಿ, ಹುರುಳಿ, ಮಾವಿನ ತೋಪು. ಅದರ ಕೆಳಗೆ ಖುಷ್ಕಿಯಲ್ಲಿ ರಾಗಿ, ಅದರ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಇನ್ನೂ ಕೆಳಗೆ ಕೆರೆ. ಕೆರೆಯೇರಿಯ ಹಿಂದೆ ತರಿ ಮತ್ತು ಬಾಗಾಯಿತು. ಒಂದು ಕೆರೆಯ ಕೋಡಿಯ ನೀರು ಮುಂದಿನ ಕೆರೆಗೆ ಹೋಗುವಂತೆ ಹಿರಿಯರು ಸರಪಳಿಯಾಗಿ ಕಟ್ಟಿರುವರು. ಮೋಟಾರಿನಲ್ಲಿ ಹೋಗುವವನಿಗೆ ಇದು ತಿಳಿಯುವುದಿಲ್ಲ. ಬೈಸಿಕಲ್ ತುಳಿಯುವವನ ಕಾಲಿಗೆ ಮಾತ್ರ ಭೂಮಿಯ ಇಳಿಜಾರು ತಾನಾಗಿಯೇ ತಿಳಿಯುತ್ತದೆ. ಬಂಗಾರಪೇಟೆಯ ದಕ್ಷಿಣದ ನೀರು ಮಾರ್ಕಂಡೇಯ ನದಿಯ ಮೂಲಕ ದಕ್ಷಿಣ ಪಿನಾಕಿನಿಯನ್ನೂ, ಬೇತಮಂಗಲದ ಕಡೆಯ ನೀರು ಪಾಲಾರನ್ನೂ ಸೇರುವುದರಿಂದ, ಒಂದು ಮಾರ್ಗದಿಂದ ಮತ್ತೊಂದಕ್ಕೆ ಹೋಗುವವನು ಏರುವ ದಿಣ್ಣೆಯು ಎರಡು ನದಿಗಳ ನೀರನ್ನು ಬೇರೆ ಮಾಡುವ ಎಲ್ಲೆಯಾಗಿರುತ್ತದೆ.

ಮೊದಲನೆಯ ಮಾರ್ಗ: ಬಂಗಾರಪೇಟೆಯಿಂದ ಬೂದಿಕೋಟೆ

ಬೂದಿಕೋಟೆಯು ಬಂಗಾರಪೇಟೆಯಿಂದ ಸುಮಾರು ೧೨ ಕಿಲೋಮೀಟರು ದೂರದಲ್ಲಿದೆ. ಹೈದರಾಲಿಯು ಹುಟ್ಟಿದ ಊರೆಂದು ಇದು ಪ್ರಸಿದ್ಧ. ಗ್ರಾಮದ ಸಮೀಪದಲ್ಲಿ ಮಾರ್ಕಂಡೇಯ ನದಿಗೆ ಕಟ್ಟಿದ ಜಲಾಶಯವಿರುತ್ತದೆ. ಅದೇ ನದಿಗೆ ಯರಗೋಳಿನ ಬಳಿ ಕಟ್ಟಿದ ಅಣೆಕಟ್ಟು ೨೦೨೩ರಲ್ಲಿ ಉದ್ಘಾಟನೆಯಾಗಿ, ಕೋಲಾರ, ಬಂಗಾರಪೇಟೆ, ಮಾಲೂರು ಪಟ್ಟಣಗಳ ಕುಡಿಯುವ ನೀರಿಗೆ ಆಧಾರವಾಯಿತು. ಹೊಸಬರು ಈ ಮಾರ್ಗದಿಂದ ಪ್ರಾರಂಭಿಸುವುದು ಉತ್ತಮ. ಹೋಗಿ ಬರಲು ಅರ್ಧ ದಿನ ಸಾಕು.

ಎರಡನೆಯ ಮಾರ್ಗ: ಕಮ್ಮಸಂದ್ರ, ಬೇತಮಂಗಲ, ಚಿನ್ನದ ಗಣಿ

ಇದು ಸುತ್ತುದಾರಿ, ಬಂಗಾರಪೇಟೆಯಿಂದ ಹೊರಟು ಅಲ್ಲಿಗೇ ಹಿಂದಿರುಗಲು ಸುಮಾರು ೪೦ರಿಂದ ೪೫ ಕಿಲೋಮೀಟರು ಆಗುವುದು. ಕಮ್ಮಸಂದ್ರದ ಕೋಟಿಲಿಂಗೇಶ್ವರ ಕ್ಷೇತ್ರದಲ್ಲಿ ೧೦೮ ಅಡಿ ಎತ್ತರದ ಲಿಂಗವಿರುತ್ತದೆ. ಶಿವರಾತ್ರಿಯ ಕಾಲದಲ್ಲಿ ಇಲ್ಲಿ ಜನಸಂದಣಿ ಅತಿಯಾಗುವುದರಿಂದ ಆಗ ಈ ದಾರಿಯನ್ನು ಬಿಡತಕ್ಕದ್ದು.

ಮುಂದೆ ಸಿಕ್ಕುವ ಬೇತಮಂಗಲವು ಪುರಾತನವಾದ ಸ್ಥಳ. ಶಾಸನಗಳಲ್ಲಿ ಇದಕ್ಕೆ ವಿಜಯಾದಿತ್ಯಮಂಗಲವೆಂದು ಹೆಸರು. ಪಾಲಾರಿನ ನೀರು ನಿಲ್ಲುವ ಇಲ್ಲಿಯ ದೊಡ್ಡ ಕೆರೆಯೇ ಗಣಿಯ ಊರುಗಳಿಗೆ ಬಹುಕಾಲ ಕುಡಿಯುವ ನೀರನ್ನು ಒದಗಿಸಿತು. ಗಣಿಗೆ ಬೇಕಾದ ವಿದ್ಯುಚ್ಛಕ್ತಿಯು ೧೯೦೨ರಲ್ಲಿ ಶಿವನಸಮುದ್ರದಿಂದ ೯೦ ಮೈಲಿಗೂ ಹೆಚ್ಚು ದೂರ ತಂತಿಯ ಮೇಲೆ ಬಂದರೆ, ನೀರು ಮಾತ್ರ ನೆರೆಯ ಕೆರೆಯಿಂದಲೇ ಬರಬೇಕಾಯಿತು. ಸಮಯವಿದ್ದವರು ಇಲ್ಲಿಂದ ಬಂಗಾರು ತಿರುಪತಿ ಎನಿಸಿದ ಗುಟ್ಟಹಳ್ಳಿಯನ್ನೂ ನೋಡಿಕೊಂಡು ಬರಬಹುದು.

ಬೇತಮಂಗಲದಿಂದ ಚಿನ್ನದ ಗಣಿಯು ಸುಮಾರು ೧೦ ಕಿಲೋಮೀಟರು. ೧೮೮೦ರಲ್ಲಿ ಜಾನ್ ಟೇಲರ್ ಕಂಪನಿಯವರು ಇಲ್ಲಿ ಕೆಲಸಕ್ಕೆ ಕೈಹಾಕಿದರು. ಗಣಿಗಳು ೧೯೫೬ರಲ್ಲಿ ಸರ್ಕಾರದ ವಶಕ್ಕೆ ಬಂದು, ೨೦೦೧ರ ಫೆಬ್ರವರಿ ೨೮ರಂದು ಮುಚ್ಚಲ್ಪಟ್ಟವು. ಅಂದಿನಿಂದ ಅಲ್ಲಿಯ ಜನರು ಸಾವಿರಗಟ್ಟಲೆಯಾಗಿ ಪ್ರತಿದಿನ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಿರುವರು. ಅದಿರನ್ನು ಅರೆದು ಸಯನೈಡಿನಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿಯೇ ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆಗಳ ಸುತ್ತ ಗುಡ್ಡಗಳಾಗಿ ನಿಂತಿದೆ. ದೂರದಿಂದ ಇವು ನೋಡಲು ವಿಚಿತ್ರವಾಗಿದ್ದರೂ ಇವುಗಳ ಮೇಲೆ ಬೈಸಿಕಲ್ ಹತ್ತಿಸಕೂಡದು. ಗಾಳಿಯ ದಿನಗಳಲ್ಲಿ ನುಣ್ಣನೆಯ ಧೂಳೆದ್ದು ಕಣ್ಣಿಗೂ ಶ್ವಾಸಕೋಶಕ್ಕೂ ಸುತ್ತಲಿನ ಬೆಳೆಗೂ ಕೇಡುಮಾಡುತ್ತದೆ. ಮೇಲ್ಪದರವನ್ನು ಕದಡಿದಷ್ಟೂ ಧೂಳು ಹೆಚ್ಚುವುದು. ದಣಿದವರಿಗೆ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ ನಿಲ್ದಾಣಗಳಿಂದ ಬಂಗಾರಪೇಟೆಗೆ ರೈಲಿನ ಅನುಕೂಲವಿದೆ.

ಮೂರನೆಯ ಮಾರ್ಗ: ಕಾಮಸಮುದ್ರದ ಕಡೆ

ಕಾಮಸಮುದ್ರ ಹೋಬಳಿಯು ತಮಿಳುನಾಡಿನ ಗಡಿಯ ಕಾಡಿಗೆ ತಗುಲಿಕೊಂಡಿದೆ. ಗುಡ್ಡಗಳ ಸೊಬಗು ಮೂರು ಮಾರ್ಗಗಳಲ್ಲಿ ಇಲ್ಲಿಯೇ ಹೆಚ್ಚು. ಅಪಾಯವೂ ಇಲ್ಲಿಯೇ ಹೆಚ್ಚು. ಗಡಿಯಾಚೆಯಿಂದ ಆನೆಗಳು ಬಂದು ರಾಗಿ, ಬಾಳೆ, ಟೊಮೆಟೊ ಬೆಳೆಗಳನ್ನು ತುಳಿದುಹಾಕುವುದುಂಟು. ರೈತರೂ ಪ್ರಾಣ ಕಳೆದುಕೊಂಡಿರುವರು. ಫಸಲು ಕಾಯಲು ರೈತನು ರಾತ್ರಿಯೆಲ್ಲಾ ಎಚ್ಚರವಾಗಿದ್ದ ದಾರಿಯಲ್ಲಿ ಸವಾರನು ನಸುಕಿನಲ್ಲಿ ಒಬ್ಬನೇ ನಿಶ್ಶಬ್ದವಾಗಿ ಹೋಗುವುದು ವಿವೇಕವಲ್ಲ. ಬಿಸಿಲೇರಿದ ಮೇಲೆ ಹೊರಟು, ಸೂರ್ಯಾಸ್ತಕ್ಕೆ ಬಹಳ ಮುಂಚೆ ಹಿಂದಿರುಗತಕ್ಕದ್ದು. ಹಿಂದಿನ ರಾತ್ರಿ ಆನೆಗಳು ಎಲ್ಲಿದ್ದುವೆಂಬುದನ್ನು ಹಳ್ಳಿಯ ಚಹದಂಗಡಿಯಲ್ಲಿ ವಿಚಾರಿಸಿದರೆ ಸರಿಯಾದ ಸಮಾಚಾರ ಸಿಕ್ಕುವುದು. ಬೇಡವೆಂದು ಅವರು ಹೇಳಿದರೆ ಅಲ್ಲಿಂದಲೇ ತಿರುಗಬೇಕು.

ರಸ್ತೆಯ ಮೇಲಿನ ಒಕ್ಕಣೆ

ಈಗ ಮುಖ್ಯ ವಿಷಯಕ್ಕೆ ಬರೋಣ. ನವೆಂಬರಿನಿಂದ ಜನವರಿಯವರೆಗೆ ಹವೆಯು ತಂಪಾಗಿ ಸವಾರಿಗೆ ಹಿತವಾಗಿರುವುದು. ಅದೇ ಕಾಲದಲ್ಲಿ ರಾಗಿ, ಹುರುಳಿ ಮುಂತಾದುವನ್ನು ಡಾಂಬರು ರಸ್ತೆಯ ಮೇಲೆ ಹರವಿ, ಹೋಗಿಬರುವ ವಾಹನಗಳಿಂದ ತುಳಿಸುವ ಪದ್ಧತಿ ನಮ್ಮಲ್ಲಿ ಬೇರೂರಿದೆ. ಮನೆಮನೆಯಲ್ಲಿ ಎತ್ತುಗಳಿದ್ದು ಗುಂಡುಕಲ್ಲು ಎಳೆಯುತ್ತಿದ್ದ ಕಾಲ ಹೋಯಿತು, ಕೂಲಿಯಾಳುಗಳೂ ದುರ್ಲಭರು. ಆದ್ದರಿಂದ ರೈತನು ಸೋಮಾರಿತನದಿಂದ ಹೀಗೆ ಮಾಡುವನೆಂದು ಹೇಳುವುದು ಅನ್ಯಾಯ. ಆದರೂ ಇದರಿಂದಾಗುವ ನಷ್ಟವನ್ನು ಲೆಕ್ಕ ಹಾಕಿ ನೋಡತಕ್ಕದ್ದು.

ಮೊದಲನೆಯದಾಗಿ, ಒಣಹುಲ್ಲಿನ ಮೇಲೆ ತೆಳುವಾದ ಬೈಸಿಕಲ್ ಚಕ್ರವು ಜಾರುತ್ತದೆ. ಹುಲ್ಲು ಸರಪಳಿಗೆ ಸುತ್ತಿಕೊಂಡು ಚಕ್ರ ಹಿಡಿದು ನಿಲ್ಲುತ್ತದೆ. ಮೋಟಾರುಸೈಕಲ್ಲಿನವರಿಗೂ ಇದೇ ಗತಿ. ಕಾರಿನ ಅಡಿಭಾಗಕ್ಕೆ ಹುಲ್ಲು ಸಿಕ್ಕಿ ಬೆಂಕಿ ಹತ್ತಿರುವುದೂ ಉಂಟು. ಹುಲ್ಲಿನ ಅಂಚಿಗೆ ಕಾವಲಾಗಿ ಇಟ್ಟ ದಪ್ಪ ಕಲ್ಲುಗಳು ರಾಶಿ ತೆಗೆದ ಮೇಲೂ ಅಲ್ಲಿಯೇ ಉಳಿದು, ಕತ್ತಲಲ್ಲಿ ಬರುವವನನ್ನು ಕೆಡವುತ್ತವೆ. ಹೀಗೆ ಬೀಳುವವರಲ್ಲಿ ಪಟ್ಟಣದ ಸವಾರರಿಗಿಂತ, ಸಂಜೆ ಹಾಲು ಹಾಕಿ ಹಿಂದಿರುಗುವ ನಮ್ಮ ಹಳ್ಳಿಯವರೂ ಶಾಲೆಯಿಂದ ಬರುವ ಮಕ್ಕಳೂ ಆ ದಾರಿಯಲ್ಲಿ ಹೆಚ್ಚಾಗಿ ಓಡಾಡುವವರೆಂಬುದನ್ನು ರೈತ ಬಾಂಧವರು ಮರೆಯಬಾರದು.

ಎರಡನೆಯದಾಗಿ, ರಾಗಿಯ ಕಾಳು ಬಹು ಸಣ್ಣದು. ರಸ್ತೆಯ ಮರಳು ಮತ್ತು ಕಲ್ಲಿನ ಚೂರು ಅದೇ ಗಾತ್ರದವು. ಜರಡಿಯಲ್ಲಾಗಲಿ ತೂರುವುದರಿಂದಾಗಲಿ ಇವು ಪೂರ್ಣವಾಗಿ ಬೇರೆಯಾಗುವುದಿಲ್ಲ. ಕಲ್ಲು ಬೆರೆತ ರಾಗಿಗೆ ಬೆಲೆ ಕಡಮೆ. ಮನೆಯಲ್ಲಿ ಉಂಡರೆ ಹಲ್ಲಿಗೆ ಸಿಕ್ಕುವುದು. ಹಿರಿಯರು ಎತ್ತರವಾದ ಗಟ್ಟಿನೆಲವನ್ನು ಆರಿಸಿ, ನೀರು ಚಿಮುಕಿಸಿ ತುಳಿಸಿ ಬಡಿದು, ಸಗಣಿಯ ಬಗ್ಗಡದಿಂದ ಸಾರಿಸಿ ಕಣ ಮಾಡುತ್ತಿದ್ದುದರ ಕಾರಣವಿದೇ.

ಇದಕ್ಕೆ ಪರಿಹಾರವಿಲ್ಲದೆ ಇಲ್ಲ. ಎಂಟು ಹತ್ತು ಮನೆಯವರು ಕೂಡಿ ಊರ ಬಳಿ ಒಂದು ಕಣವನ್ನು ಸಿದ್ಧಪಡಿಸಿದರೆ, ಟ್ರ್ಯಾಕ್ಟರಿನ ಚಕ್ರದಿಂದಲೇ ಒಕ್ಕಬಹುದು. ಇಲ್ಲವೇ ಒಕ್ಕಣೆ ಯಂತ್ರವನ್ನು ಬಾಡಿಗೆಗೆ ತರಿಸಿ, ಸರದಿಯಂತೆ ಒಂದೆರಡು ದಿನಗಳಲ್ಲಿ ಎಲ್ಲರ ಕೆಲಸವನ್ನೂ ಮುಗಿಸಬಹುದು. ಯಂತ್ರ ದೊರೆಯುವ ಸ್ಥಳ, ಬಾಡಿಗೆಯ ದರಗಳನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿಯೂ, ಸಿಮೆಂಟ್ ಕಣಕ್ಕೆ ಸಹಾಯ ದೊರೆಯುವುದೇ ಎಂಬುದನ್ನು ಗ್ರಾಮ ಪಂಚಾಯತಿಯಲ್ಲಿಯೂ ವಿಚಾರಿಸಬೇಕು. ಈ ಏರ್ಪಾಡು ಆಗುವವರೆಗೆ ತಿರುವು, ಸೇತುವೆ, ಇಳಿಜಾರುಗಳಲ್ಲಿ ಹುಲ್ಲು ಹರವಲೇಕೂಡದು. ಸೂರ್ಯಾಸ್ತಕ್ಕೆ ಮೊದಲು ಹುಲ್ಲನ್ನೂ ಕಲ್ಲುಗಳನ್ನೂ ತೆಗೆದುಬಿಡಬೇಕು.

ಸವಾರರಿಗೆ ಸೂಚನೆಗಳು

೧. ಹುಲ್ಲು ಹರವಿದ ಕಡೆ ಬ್ರೇಕನ್ನು ಥಟ್ಟನೆ ಹಿಡಿಯದೆ, ಇಳಿದು ತಳ್ಳಿಕೊಂಡು ಹೋಗುವುದು ಲೇಸು. ಕಾಳಿನ ರಾಶಿಯನ್ನು ತುಳಿಯಕೂಡದು.

೨. ಬೆಳಗ್ಗೆ ಡೈರಿಯ ಹೊತ್ತಿನಲ್ಲಿ ಗುಂಪಾಗಿ ರಸ್ತೆಯನ್ನು ತುಂಬಿ ಹೋಗಬಾರದು. ದನ ಕುರಿಗಳ ಹಿಂಡು ಎದುರಾದರೆ ನಿಂತು ದಾರಿ ಬಿಡಬೇಕು. ಗಂಟೆಯ ಸದ್ದಿಗೆ ಅವು ಬೆದರಿ ಹೊಲಕ್ಕೆ ನುಗ್ಗುತ್ತವೆ.

೩. ಕೆರೆಯಂಗಳಗಳಲ್ಲಿ ಬಳ್ಳಾರಿ ಜಾಲಿಯ ಮುಳ್ಳು ಹೇರಳ. ಟ್ಯೂಬು, ಪಂಪು, ತೇಪೆಯ ಸಾಮಾನುಗಳಿಲ್ಲದೆ ಹೊರಡಬಾರದು.

೪. ಕೆರೆಯ ನೀರನ್ನು ಕುಡಿಯಕೂಡದು. ೨೦೧೮ರಿಂದ ಜಿಲ್ಲೆಯ ಅನೇಕ ಕೆರೆಗಳಿಗೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರನ್ನು ಹರಿಸಲಾಗುತ್ತಿದೆ. ಅದು ಅಂತರ್ಜಲವನ್ನು ಹೆಚ್ಚಿಸಲು ಹೊರತು ಕುಡಿಯಲು ಅಲ್ಲ.

೫. ಹೊಸಕೋಟೆಯಿಂದ ಬೇತಮಂಗಲದತ್ತ ಬರುವ ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಬೈಸಿಕಲ್ಲಿಗೆ ಪ್ರವೇಶವಿಲ್ಲ.

೬. ತೋಪಿನ ಮಾವನ್ನೂ ಹೊಲದ ಅವರೆಯನ್ನೂ ಕೇಳದೆ ಕೀಳಬಾರದು. ರೈತನಿಂದ ಹಣ ಕೊಟ್ಟು ಕೊಂಡರೆ ದಲ್ಲಾಳಿಯ ಪಾಲು ಅವನಿಗೇ ಉಳಿಯುತ್ತದೆ. ಡಿಸೆಂಬರಿನಲ್ಲಿ ಸೊಗಡಿನ ಅವರೆಕಾಯಿ, ಮೇ ತಿಂಗಳಿನಿಂದ ಮಾವು ಇಲ್ಲಿ ದೊರೆಯುವ ಉತ್ತಮ ಪದಾರ್ಥಗಳು.

ಮುಂದಿನ ಸುಗ್ಗಿಯು ಪ್ರಾರಂಭವಾಗುವುದಕ್ಕೆ ಮೊದಲೇ ಪ್ರತಿಯೊಂದು ಗ್ರಾಮದವರೂ ಸಭೆ ಸೇರಿ ಕಣದ ಸ್ಥಳವನ್ನು ಗೊತ್ತುಮಾಡಿಕೊಳ್ಳಬೇಕೆಂದು ಕೋರಲಾಗಿದೆ. ಸ್ಥಳದ ಆಯ್ಕೆಯಲ್ಲಿಯೂ ಯಂತ್ರದ ಏರ್ಪಾಡಿನಲ್ಲಿಯೂ ಸಲಹೆ ಬೇಕಾದವರು ತಮ್ಮ ಹೋಬಳಿಯ ಇಲಾಖಾ ಸಿಬ್ಬಂದಿಯನ್ನು ಕಾಣಬಹುದು.