ನಿಮಗಿದು ಗೊತ್ತೆ? ಒಂದೇ ಕವಾಟದ ಡೀಸೆಲ್ ಎಂಜಿನ್

ಸಾಮಾನ್ಯ ಎಂಜಿನ್ನಿನ ಪ್ರತಿಯೊಂದು ಸಿಲಿಂಡರಿಗೂ ಗಾಳಿಯನ್ನು ಒಳಗೊಳ್ಳಲು ಒಂದು, ದಗ್ಧವಾದ ಅನಿಲವನ್ನು ಹೊರದೂಡಲು ಮತ್ತೊಂದು, ಹೀಗೆ ಕನಿಷ್ಠ ಪಕ್ಷ ಎರಡು ಕವಾಟಗಳಿರುವುದು ರೂಢಿಯಾದರೂ, ಅಮೆರಿಕದ ಪ್ಯಾಕರ್ಡ್ ಕಂಪನಿಯು ನಿರ್ಮಿಸಿ 1928ರಲ್ಲಿ ಮೊದಲ ಬಾರಿಗೆ ಗಗನಕ್ಕೇರಿಸಿದ ಒಂಬತ್ತು ಸಿಲಿಂಡರುಗಳ ಡೀಸೆಲ್ ವಿಮಾನ ಎಂಜಿನ್ನಿನಲ್ಲಿ ಈ ಉಭಯ ಕಾರ್ಯಗಳನ್ನೂ ಒಂದೇ ಕವಾಟವು ನಿರ್ವಹಿಸುತ್ತಿದ್ದಿತು. ಕಾರ್ಬ್ಯುರೇಟರಿನ ಪೆಟ್ರೋಲ್ ಎಂಜಿನ್ನು ಇಂಧನ ಬೆರೆತ ಗಾಳಿಯನ್ನು ಸೆಳೆದುಕೊಳ್ಳುವುದರಿಂದ ಅದಕ್ಕೆ ಇಂತಹ ಏರ್ಪಾಡು ಒಗ್ಗದು. ಡೀಸೆಲ್ ಎಂಜಿನ್ನಾದರೋ ಬರಿಯ ಗಾಳಿಯನ್ನೇ ಸೆಳೆದು, ಅದನ್ನು ಸಂಕೋಚಗೊಳಿಸಿ ಕಾಯಿಸಿದ ತರುವಾಯವೇ ತೈಲವನ್ನು ಸಿಂಪಡಿಸಿಕೊಳ್ಳುವುದರಿಂದ, ಅದಕ್ಕೆ ಒಂದೇ ದ್ವಾರವು ಸಾಕಾಯಿತು. ಇದರಿಂದ ಬಿಡಿಭಾಗಗಳ ಸಂಖ್ಯೆಯೂ ಯಂತ್ರದ ಭಾರವೂ ತಗ್ಗಿದುವಲ್ಲದೆ, ಒಳಬರುವ ತಂಪಾದ ಗಾಳಿಯು ಕಾದ ಕವಾಟವನ್ನು ತಣಿಸುತ್ತಲೂ ಇದ್ದಿತು. 1931ರಲ್ಲಿ ಈ ಎಂಜಿನ್ನನ್ನು ಹೊಂದಿದ್ದ ಬೆಲಾಂಕಾ ವಿಮಾನವೊಂದು ಫ್ಲಾರಿಡಾ ಪ್ರಾಂತದಲ್ಲಿ, ನಡುವೆ ಇಂಧನವನ್ನು ತುಂಬಿಸಿಕೊಳ್ಳದೆಯೇ 84 ಗಂಟೆಗಳಿಗೂ ಮಿಗಿಲಾಗಿ ಹಾರಾಡಿ ಸ್ಥಾಪಿಸಿದ ದಾಖಲೆಯು, 1986ರಲ್ಲಿ ‘ವಾಯೇಜರ್’ ವಿಮಾನವು ಅದನ್ನು ಮುರಿಯುವವರೆಗೂ ಅಬಾಧಿತವಾಗಿ ಉಳಿಯಿತು. ಆದರೆ ಗಾಳಿಗೂ ಹೊಗೆಗೂ ಒಂದೇ ದ್ವಾರವಾದ್ದರಿಂದ, ಹೊಗೆಯನ್ನು ಕೊಳವೆಯ ಮೂಲಕ ದೂರ ಸಾಗಿಸಲು ಸಾಧ್ಯವಾಗದೆ, ಅದರ ದುರ್ಗಂಧವು ವಿಮಾನದೊಳಗಿನವರನ್ನು ಬಹುವಾಗಿ ಬಾಧಿಸುತ್ತಿದ್ದಿತು.