ಸಫಾರಿ ಬೇಕಿಲ್ಲ, ಬೆಳಗಿನ ಏಳು ಗಂಟೆ ಸಾಕು: ಮೊಬೈಲ್‌ನಲ್ಲೇ ನಮ್ಮ ಊರಿನ ಚಳಿಗಾಲ

ಹುಣಸೂರು: ನಮ್ಮ ಭಾಗದಲ್ಲಿ ಫೋಟೋಗ್ರಫಿ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಎಚ್.ಡಿ. ಕೋಟೆಯ ಕಬಿನಿ. 2020ರಲ್ಲಿ ಅಲ್ಲಿನ ಕರಿಚಿರತೆ ಚಿತ್ರ ದೇಶವೆಲ್ಲ ಸುತ್ತಿದ ಮೇಲಂತೂ ಉದ್ದನೆ ಲೆನ್ಸು, ಸಫಾರಿ ಜೀಪು ಇಲ್ಲದಿದ್ದರೆ ಚಿತ್ರವೇ ಇಲ್ಲ ಎಂಬಂತಾಗಿದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಇಲ್ಲಿ ಒಳ್ಳೆ ಚಿತ್ರಕ್ಕೆ ಬೇಕಾದ್ದು ಬೇಗ ಏಳುವುದು, ಅಷ್ಟೇ. ಬೆಳಕು ಪುಕ್ಕಟೆ.

ಮೋಡವಿಲ್ಲದ ಚಳಿ ರಾತ್ರಿಯಲ್ಲಿ ನೆಲ ಬೇಗ ತಣ್ಣಗಾಗುತ್ತದೆ. ನೆಲದ ಹತ್ತಿರದ ಗಾಳಿಯ ತೇವ ಮಂಜಾಗಿ, ಇಬ್ಬನಿಯಾಗಿ ಕೂರುತ್ತದೆ. ಲಕ್ಷ್ಮಣತೀರ್ಥ, ಕಾವೇರಿ, ನಾಲೆ, ಕೆರೆ ಇರುವ ಕಡೆ ಇನ್ನೂ ದಟ್ಟ. ಈ ಮಂಜಿನಲ್ಲಿ ಹಿಂದಿರುವ ಕರೆಂಟ್ ಕಂಬ, ಫ್ಲೆಕ್ಸು ಎಲ್ಲ ಮಸುಕಾಗಿ, ಮುಂದಿರುವ ಒಂದು ಹುಣಸೆ ಮರ ಮಾತ್ರ ಎದ್ದು ಕಾಣುತ್ತದೆ. ಜೊತೆಗೆ ಸೂರ್ಯನೂ ತಗ್ಗಿನಲ್ಲಿರುತ್ತಾನೆ. ಡಿಸೆಂಬರ್ ಕೊನೆಯಲ್ಲಿ ನಡು ಮಧ್ಯಾಹ್ನವೂ ನೆತ್ತಿಗೆ ಬರಲ್ಲ, ದಕ್ಷಿಣಕ್ಕೆ ವಾಲಿ ಸುಮಾರು 54 ಡಿಗ್ರಿ ಎತ್ತರದಲ್ಲೇ ನಿಲ್ಲುತ್ತಾನೆ. ಇನ್ನೊಂದು ವಿಷಯ: ಸೂರ್ಯೋದಯ ಅತಿ ತಡವಾಗುವುದು ಡಿಸೆಂಬರ್‌ನಲ್ಲಲ್ಲ, ಜನವರಿ ಕೊನೆ ಭಾಗದಲ್ಲಿ, ಸುಮಾರು 6.45ಕ್ಕೆ. ತೀರಾ ನಸುಕಲ್ಲೇ ಏಳಬೇಕಿಲ್ಲ ಬಿಡಿ.

ಬೆಳಕು ಪಕ್ಕದಿಂದ ಬಿದ್ದರೆ ಗೋಡೆಯ ಒಂದೊಂದು ಉಬ್ಬು ತಗ್ಗಿಗೂ ನೆರಳು ಬೀಳುತ್ತದೆ. ಹುಣಸೂರು, ಪಿರಿಯಾಪಟ್ಟಣದ ಹಳ್ಳಿಗಳ ತಂಬಾಕು ಬ್ಯಾರನ್‌ಗಳನ್ನು ಈ ಹೊತ್ತಲ್ಲಿ ನೋಡಿ. ಸೊಪ್ಪು ಬೇಯಿಸುವ ಕೆಲಸ ಮುಗಿದು ಖಾಲಿ ನಿಂತಿರುತ್ತವೆ. ಹೊಗೆ ಹಿಡಿದ ಇಟ್ಟಿಗೆ, ಬಿರುಕು, ಹೆಂಚು ಎಲ್ಲ ಕೆತ್ತಿದ ಹಾಗೆ ಕಾಣುತ್ತೆ. ಅದೇ ಗೋಡೆ ಹನ್ನೆರಡು ಗಂಟೆಗೆ ಸಪ್ಪೆ. ಕಟ್ಟೆಮಳಲವಾಡಿ ಹರಾಜು ಮಾರುಕಟ್ಟೆಗೆ ಬೆಳಿಗ್ಗೆ ಬೇಲ್ ಹೊತ್ತು ಬರುವ ಗಾಡಿಗಳ ಸಾಲೂ ಹಾಗೇ, ದಿನಾ ನೋಡೋರಿಗೆ ಅದು ಚಿತ್ರ ಅಂತಲೇ ಅನ್ನಿಸಲ್ಲ.

ಕೆ.ಆರ್. ನಗರದ ಕಡೆ ರಾಗಿ, ಹುರುಳಿ ತೂರುವವರು ಸಿಕ್ಕಿದರೆ ಸೂರ್ಯನಿಗೆ ಎದುರಾಗಿ ನಿಂತು ತೆಗೆಯಿರಿ. ಹಿಂದಿನಿಂದ ಬೆಳಕು ಬಿದ್ದಾಗ ಹೊಟ್ಟು, ದೂಳು ಎಲ್ಲ ಚಿನ್ನದ ಬಣ್ಣ. ಜನವರಿಯ ಚುಂಚನಕಟ್ಟೆ ದನಗಳ ಜಾತ್ರೆಯಲ್ಲೂ ಇದೇ ಸೂತ್ರ. ಆದರೆ ರಸ್ತೆ ಮೇಲೆ ಒಕ್ಕಣೆ ಹರಡಿದ್ದರೆ ಬೈಕ್ ದೂರ ನಿಲ್ಲಿಸಿ, ಜಾರಿ ಬಿದ್ದೀರಿ. ಭತ್ತ ಕೊಯ್ಯೋದು, ಒಕ್ಕೋದು ಎರಡನ್ನೂ ಮೆಷಿನ್ನೇ ಮಾಡುತ್ತಿರುವಾಗ ಕಣ ಮಾಡುವವರೇ ಕಡಿಮೆ. ಈಗ ತೆಗೆಯದ ಚಿತ್ರ ಮುಂದೆ ಸಿಗೋದು ಕಷ್ಟ.

ಇದು ಹವ್ಯಾಸದವರ ಆಟ ಮಾತ್ರ ಅಂದುಕೊಳ್ಳಬೇಡಿ. ಮೈಸೂರಿನಲ್ಲೇ 1923ರಲ್ಲಿ ಹುಟ್ಟಿದ ಟಿ.ಎಸ್. ಸತ್ಯನ್, ‘ಲೈಫ್’ ಪತ್ರಿಕೆಗೂ ಚಿತ್ರ ಕೊಟ್ಟವರು, 1977ರಲ್ಲಿ ಪದ್ಮಶ್ರೀ ಪಡೆದವರು. ಜೀವನವಿಡೀ ಅವರ ಕ್ಯಾಮೆರಾ ಹೆಚ್ಚಾಗಿ ತಿರುಗಿದ್ದು ಸಾಮಾನ್ಯ ಜನರ ಕಡೆಗೇ. ಅವರ ನೆನಪಿನ ಪುಸ್ತಕದ ಹೆಸರೂ ‘ಕಾಲಕ್ಕೆ ಕನ್ನಡಿ’.

ಮೊಬೈಲ್‌ನಲ್ಲಿ ಮಾಡಬೇಕಾದ್ದು ಸ್ವಲ್ಪವೇ. ಮೊದಲು ಲೆನ್ಸ್ ಒರೆಸಿ, ಜೇಬಿನ ಬೆವರು, ಎಣ್ಣೆ ಕೈ ಎರಡೂ ಅದರ ಮೇಲಿರುತ್ತದೆ. ಮಂಜಿನ ಬಿಳುಪನ್ನು ಕ್ಯಾಮೆರಾ ತಾನಾಗಿಯೇ ಬೂದು ಮಾಡಿಬಿಡುತ್ತದೆ. ಪರದೆ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ಕೊಂಚ ಮೇಲಕ್ಕೆ ಜಾರಿಸಿ. ಜೂಮ್ ಮಾಡಬೇಡಿ, ನಾಲ್ಕು ಹೆಜ್ಜೆ ಮುಂದೆ ಹೋಗಿ.

ಅಂಗಡಿಯವರಿಗೊಂದು ಮಾತು. ನೀಲಿ ಟಾರ್ಪಾಲಿನ ಕೆಳಗೆ ತೆಗೆದರೆ ಅವರೆಕಾಯಿಯೂ ನೀಲಿ, ಟೊಮೆಟೊವೂ ಕಪ್ಪು. ಬುಟ್ಟಿಯನ್ನು ಎರಡಡಿ ಆಚೆ, ಎಳೆ ಬಿಸಿಲಿಗೆ ಎಳೆದು ತೆಗೆಯಿರಿ. ಸ್ಟೇಟಸ್‌ಗೆ ಹಾಕಿದಾಗ ಸೊಗಡು ಕಾಣುತ್ತೆ ಅಂತ ಹೇಳಲ್ಲ, ಬಣ್ಣವಾದರೂ ಸರಿಯಾಗಿರುತ್ತೆ.

ಎಚ್.ಡಿ. ಕೋಟೆ, ಹುಣಸೂರಿನ ಕಾಡಂಚಿನವರು ಮಾತ್ರ ಮಂಜು ಪೂರ್ತಿ ಕರಗುವವರೆಗೆ ಊರೊಳಗಿನ ಚಿತ್ರಕ್ಕೇ ತೃಪ್ತಿ ಪಡಿ. ಮಂಜಿನಲ್ಲಿ ಹತ್ತು ಮಾರು ದೂರದ ಆನೆಯೂ ಕಾಣುವುದಿಲ್ಲ. ಅಂತರಸಂತೆ ದಾಟಿ ಬಾವಲಿ ಕಡೆಗಿನ ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಇಳಿಯುವುದಂತೂ ಬೇಡವೇ ಬೇಡ.

ಗದ್ದೆಯಲ್ಲಿ ಕೆಲಸ ಮಾಡುವವರನ್ನು ತೆಗೆಯುವ ಮುಂಚೆ ‘ಒಂದು ಫೋಟೋ ತಗೊಳ್ಳಲಾ ಯಜಮಾನ್ರೇ’ ಅಂತ ಕೇಳಿ, ತೆಗೆದದ್ದನ್ನು ತೋರಿಸಿ. ಕಳಿಸಿಕೊಡಿ ಅಂದರೆ ವಾಟ್ಸಾಪ್‌ನಲ್ಲಿ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ಚಿತ್ರ ಕುಗ್ಗಿ, ಮುಂದೆ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ಹಾಕೋಣ ಅಂದರೆ ಮುಖವೆಲ್ಲ ಮಸುಕು.